ಹಳೆಯ ರೂಟರ್ ಅನ್ನು ಮನೆಯ ನೆಟ್‌ವರ್ಕ್‌ಗೆ ಸ್ವಿಚ್ ಆಗಿ ಬಳಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಿಗೆ ಫೈಬರ್ ಬಂದ ಮೇಲೆ, ದೂರವಾಣಿ ತಂತಿಯ ಕಾಲದ ಮೋಡೆಮ್‌ಗಳೂ ಆಮೇಲೆ ಕೊಂಡ ರೂಟರ್‌ಗಳೂ ಅನೇಕ ಮನೆಗಳಲ್ಲಿ ಅಡಾಪ್ಟರ್ ಸಮೇತ ಕಪಾಟಿನ ಮೇಲೆ ಸೇರಿಕೊಂಡಿವೆ. ಅದೇ ಮನೆಗಳಲ್ಲಿ ಫೈಬರ್ ಕಂಪನಿಯವರು ಗೋಡೆಗೆ ಹಚ್ಚಿಕೊಟ್ಟ ಹೊಸ ಪೆಟ್ಟಿಗೆಯ ಎರಡೋ ನಾಲ್ಕೋ ಪೋರ್ಟ್‌ಗಳು (ಕೇಬಲ್ ಹಾಕುವ ಕಿಂಡಿಗಳು) ಟಿ.ವಿ., ಸಿಸಿಟಿವಿಯ ಚಿತ್ರ ದಾಖಲಿಸುವ ಡಿವಿಆರ್, ಪ್ರಿಂಟರ್ ಮತ್ತು ಕಂಪ್ಯೂಟರ್‌ಗಳಿಗೆ ಸಾಲುವುದಿಲ್ಲ. ಸಾಲದ ಪೋರ್ಟ್‌ಗಳನ್ನು ಹಳೆಯ ರೂಟರ್‌ನಿಂದಲೇ ಪಡೆಯುವುದು, ಅಂದರೆ ಒಂದು ಕೇಬಲ್ಲಿನ ಸಂಪರ್ಕವನ್ನು ಹಲವು ಸಾಧನಗಳಿಗೆ ಹಂಚುವ ಸ್ವಿಚ್ ಆಗಿ ಅದನ್ನು ಬಳಸುವುದು ಸಾಧ್ಯವಿದೆ. ಆದರೆ ಅದನ್ನು ತಂದು ಸುಮ್ಮನೆ ಕೇಬಲ್ ಚುಚ್ಚಿದರೆ ಮನೆಯ ಇಂಟರ್ನೆಟ್ಟೇ ಕೆಡುವುದುಂಟು. ಆದ್ದರಿಂದ ಮೊದಲು ಅದರೊಳಗಿನ ಕೆಲವು ಕೆಲಸಗಳನ್ನು ನಿಲ್ಲಿಸಬೇಕಾಗುತ್ತದೆ, ಮತ್ತು ಆ ಕೆಲಸವನ್ನು ಒಂದು ಕ್ರಮದಲ್ಲಿ ಮಾಡಬೇಕಾಗುತ್ತದೆ.

ವೈಫೈ ಇರುವಾಗ ಕೇಬಲ್ ಏಕೆ ಎಂಬ ಪ್ರಶ್ನೆ ಸಹಜವೇ. ತೆಳುವಾದ ಇಟ್ಟಿಗೆ ಗೋಡೆಯ ಎರಡು ಕೋಣೆಗಳ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ಅಲ್ಲಿ ವೈಫೈ ಸಾಕು. ಆದರೆ ಗದಗ, ಹಾವೇರಿ ಸೀಮೆಯ ಹಳೆಯ ಮಾಳಿಗೆ ಮನೆಗಳ ಕಲ್ಲು-ಮಣ್ಣಿನ ದಪ್ಪ ಗೋಡೆಗಳನ್ನು ದಾಟುವಷ್ಟರಲ್ಲಿ ವೈಫೈ ಅರ್ಧಕ್ಕರ್ಧ ಸೊರಗಿರುತ್ತದೆ, ಪಡಸಾಲೆಯಲ್ಲಿ ಚೆನ್ನಾಗಿ ಓಡುವ ವಿಡಿಯೊ ಹಿತ್ತಿಲ ಕೋಣೆಯಲ್ಲಿ ನಿಂತು ನಿಂತು ಓಡುತ್ತದೆ. ಅಂಥ ಮನೆಯಲ್ಲಿ ಒಂದೇ ಒಂದು ಕೇಬಲ್ ಒಳಕೋಣೆಗೆ ಎಳೆದು, ಅದರ ತುದಿಗೆ ಹಳೆಯ ರೂಟರ್ ಇಟ್ಟರೆ, ಅಲ್ಲಿ ಮೂರು ಸಾಧನಗಳಿಗೆ ಗಟ್ಟಿಯಾದ ಸಂಪರ್ಕ ದೊರೆಯುತ್ತದೆ. ಬೆಟಗೇರಿಯ ಮುದ್ರಣದ ಅಂಗಡಿಯಲ್ಲಾಗಲಿ, ಧಾರವಾಡದ ಸಪ್ತಾಪುರದಲ್ಲಿ ವಿದ್ಯಾರ್ಥಿಗಳು ಕೂಡಿ ಹಿಡಿದ ಬಾಡಿಗೆ ಮನೆಯಲ್ಲಾಗಲಿ ಅಗತ್ಯ ಇದೇ ಬಗೆಯದು.

ಪೆಟ್ಟಿಗೆಯೊಳಗೆ ಏನಿದೆ

ನಾವು ರೂಟರ್ ಎಂದು ಕರೆಯುವ ಪೆಟ್ಟಿಗೆಯಲ್ಲಿ ನಿಜವಾಗಿ ನಾಲ್ಕೈದು ಸಾಧನಗಳು ಒಟ್ಟಿಗೆ ಇರುತ್ತವೆ. ಹೊರಗಿನ ಇಂಟರ್ನೆಟ್‌ಗೂ ಮನೆಯ ನೆಟ್‌ವರ್ಕ್‌ಗೂ ನಡುವೆ ನಿಂತು ದತ್ತಾಂಶವನ್ನು ದಾಟಿಸುವುದು ಅದರ ರೂಟರ್ ಭಾಗ; ಮನೆಯ ಪ್ರತಿ ಸಾಧನಕ್ಕೆ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಹಂಚುವುದು ಡಿಎಚ್‌ಸಿಪಿ ಸರ್ವರ್; ಆಂಟೆನಾಗಳಿಗೆ ಸೇರಿದ್ದು ವೈಫೈ; ಬೇಡದ್ದನ್ನು ತಡೆಯುವುದು ಫೈರ್‌ವಾಲ್. ಇವೆಲ್ಲದರ ಜೊತೆಗೆ, ಒಂದೇ ಬಣ್ಣದಲ್ಲಿ ಸಾಲಾಗಿ ಇರುವ, ಮನೆಯ ಸಾಧನಗಳಿಗೆಂದು ಕೊಟ್ಟ ನಾಲ್ಕು ಲ್ಯಾನ್ ಪೋರ್ಟ್‌ಗಳ ಹಿಂದೆ ಒಂದು ಸ್ವಿಚ್ ಇರುತ್ತದೆ. ಯಾವ ಪೋರ್ಟ್‌ನಲ್ಲಿ ಯಾವ ಸಾಧನವಿದೆ ಎಂಬುದನ್ನು ಸಾಧನದ ಮ್ಯಾಕ್ ವಿಳಾಸದಿಂದ (ತಯಾರಿಸುವಾಗಲೇ ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಗುರುತಿಟ್ಟುಕೊಂಡು, ಬಂದ ದತ್ತಾಂಶವನ್ನು ಸರಿಯಾದ ಪೋರ್ಟ್‌ಗೆ ಕಳಿಸುವುದಷ್ಟೇ ಈ ಸ್ವಿಚ್‌ನ ಕೆಲಸ. ಐಪಿ ವಿಳಾಸದ ಗೊಡವೆ ಅದಕ್ಕಿಲ್ಲ.

ನಮಗೆ ಬೇಕಾದದ್ದು ಈ ಕೊನೆಯ ಭಾಗ ಮಾತ್ರ. ಉಳಿದವುಗಳಲ್ಲಿ ತೊಂದರೆ ಕೊಡುವುದು ಮುಖ್ಯವಾಗಿ ಡಿಎಚ್‌ಸಿಪಿ ಸರ್ವರ್. ಒಂದೇ ನೆಟ್‌ವರ್ಕ್‌ನಲ್ಲಿ ವಿಳಾಸ ಹಂಚುವವರು ಇಬ್ಬರಾದರೆ, ಹೊಸದಾಗಿ ಸೇರಿದ ಮೊಬೈಲ್ ಯಾರು ಮೊದಲು ಉತ್ತರಿಸುತ್ತಾರೋ ಅವರ ಮಾತನ್ನು ಕೇಳುತ್ತದೆ. ಹಳೆಯ ರೂಟರ್ ಮೊದಲು ಉತ್ತರಿಸಿದರೆ, ಇಂಟರ್ನೆಟ್‌ಗೆ ಹೋಗುವ ದಾರಿ ತಾನೇ ಎಂದು ಅದು ಹೇಳಿಬಿಡುತ್ತದೆ. ಆದರೆ ಅದರ ಬಳಿ ಇಂಟರ್ನೆಟ್ ಇರುವುದಿಲ್ಲ. ಮನೆಯಲ್ಲಿ ಒಬ್ಬರ ಮೊಬೈಲ್ ಸರಿಯಾಗಿ ನಡೆದು ಇನ್ನೊಬ್ಬರದು ನಡೆಯದಿರುವ, ಇಂದು ಸರಿಯಿದ್ದದ್ದು ನಾಳೆ ಕೆಡುವ ವಿಚಿತ್ರಕ್ಕೆ ಹಲವು ಸಲ ಇದೇ ಕಾರಣ. ದೋಷ ಎಲ್ಲಿದೆಯೆಂದು ತಿಳಿಯದೆ ಕಂಪನಿಗೆ ದೂರು ಕೊಟ್ಟರೆ, ಬಂದವರು ತಮ್ಮ ಪೆಟ್ಟಿಗೆ ಸರಿಯಿದೆ ಎಂದು ಹೇಳಿ ಹೋಗುತ್ತಾರೆ, ಅದು ನಿಜವೂ ಆಗಿರುತ್ತದೆ.

ಬಳಸುವ ಮೊದಲು ನೋಡಬೇಕಾದದ್ದು

ಹಳೆಯದೆಲ್ಲ ಈ ಕೆಲಸಕ್ಕೆ ಬರುವುದಿಲ್ಲ. ಮೊದಲು ಪೋರ್ಟ್‌ಗಳನ್ನು ಎಣಿಸಬೇಕು: ಒಂದೇ ಲ್ಯಾನ್ ಪೋರ್ಟ್ ಇರುವ ಎಡಿಎಸ್‌ಎಲ್ (ದೂರವಾಣಿ ತಂತಿಯ) ಮೋಡೆಮ್‌ನಿಂದ ಯಾವ ಪ್ರಯೋಜನವೂ ಇಲ್ಲ, ಅದನ್ನು ಇ-ತ್ಯಾಜ್ಯಕ್ಕೆ ಕೊಡಬಹುದು. ನಾಲ್ಕು ಲ್ಯಾನ್ ಪೋರ್ಟ್ ಇರುವ ಎಡಿಎಸ್‌ಎಲ್ ಮೋಡೆಮ್ ಮಾತ್ರ ಚೆನ್ನಾಗಿ ಒದಗುತ್ತದೆ. ಅದರ ದೂರವಾಣಿ ತಂತಿಯ ಕಿರಿದಾದ ಕಿಂಡಿ ಖಾಲಿಯಿದ್ದರೂ ಸ್ವಿಚ್ ಭಾಗಕ್ಕೆ ಏನೂ ಆಗುವುದಿಲ್ಲ.

ಎರಡನೆಯದು ವೇಗ, ಮತ್ತು ನನ್ನ ದೃಷ್ಟಿಯಲ್ಲಿ ಈ ಕೆಲಸ ಮಾಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಇದೇ. ಕಡಿಮೆ ಬೆಲೆಯ ಹಳೆಯ ರೂಟರ್‌ಗಳಲ್ಲಿ ಬಹುಪಾಲಿನ ಲ್ಯಾನ್ ಪೋರ್ಟ್‌ಗಳು ಫಾಸ್ಟ್ ಇಥರ್ನೆಟ್ ಬಗೆಯವು, ಅಂದರೆ ಸೆಕೆಂಡಿಗೆ 100 ಮೆಗಾಬಿಟ್‌ನವು (ಎಂಬಿಪಿಎಸ್ ಎನ್ನುವುದೂ ಇದನ್ನೇ). ಬಳಕೆಯಲ್ಲಿ ಸಿಗುವುದು ಸುಮಾರು 94. ಗಿಗಾಬಿಟ್ ಪೋರ್ಟ್ ಇದರ ಹತ್ತು ಪಟ್ಟು ವೇಗದ್ದು. ಒಂದು ಗಿಗಾಬೈಟ್‌ನ ಕಡತವನ್ನು ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಕಳಿಸಲು ಮೊದಲನೆಯದರಲ್ಲಿ ಸುಮಾರು ಒಂದೂವರೆ ನಿಮಿಷ ಬೇಕಾದರೆ, ಎರಡನೆಯದರಲ್ಲಿ ಹತ್ತು ಸೆಕೆಂಡು ಸಾಕು. ನಿಮ್ಮ ಇಂಟರ್ನೆಟ್ ಯೋಜನೆಯೇ 50 ಅಥವಾ 100 ಎಂಬಿಪಿಎಸ್‌ನದಾಗಿದ್ದರೆ, 4ಕೆ ಚಿತ್ರಕ್ಕೆ 25 ಎಂಬಿಪಿಎಸ್ ಸಾಕಾಗುವುದರಿಂದ, ಟಿ.ವಿ., ಪ್ರಿಂಟರ್ ಹಾಗೂ ಡಿವಿಆರ್‌ಗೆ ಹಳೆಯ ಪೆಟ್ಟಿಗೆ ಧಾರಾಳವಾಯಿತು. ಆದರೆ 300 ಎಂಬಿಪಿಎಸ್‌ನ ಯೋಜನೆಗೆ ಹಣ ಕಟ್ಟಿ, ಮುಖ್ಯ ಕಂಪ್ಯೂಟರನ್ನು ಫಾಸ್ಟ್ ಇಥರ್ನೆಟ್ ಪೋರ್ಟ್‌ಗೆ ಸಿಕ್ಕಿಸುವುದು ಜಾಣತನವಲ್ಲ. ಮುದ್ರಣದವರು, ಫೋಟೊ ಸ್ಟುಡಿಯೊದವರು, ದೊಡ್ಡ ಕಡತಗಳನ್ನು ದಿನವಿಡೀ ಆಚೀಚೆ ಕಳಿಸುವವರು ಐದು ಪೋರ್ಟಿನ ಹೊಸ ಗಿಗಾಬಿಟ್ ಸ್ವಿಚ್ ಒಂದನ್ನು ಕೊಳ್ಳುವುದೇ ಒಳ್ಳೆಯದು. ಅದರ ಬೆಲೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿರುತ್ತದೆ, ಹೊಂದಿಸುವ ಕೆಲಸವೂ ಇರುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಹಳೆಯ ರೂಟರ್‌ಗೆ ಸೇರಿದ ಮೂರು ಸಾಧನಗಳು ಇಂಟರ್ನೆಟ್‌ಗೆ ಹೋಗುವಾಗ ಮುಖ್ಯ ರೂಟರ್‌ಗೆ (ಫೈಬರ್ ಕಂಪನಿಯ ಪೆಟ್ಟಿಗೆಗೆ) ಹೋಗುವ ಒಂದೇ ಕೇಬಲ್ಲಿನ 100 ಮೆಗಾಬಿಟ್ ಅನ್ನು ಹಂಚಿಕೊಳ್ಳುತ್ತವೆ. ಆದರೆ ಆ ಮೂರು ತಮ್ಮತಮ್ಮಲ್ಲಿ ಮಾತನಾಡುವಾಗ ದತ್ತಾಂಶ ಆ ಪೆಟ್ಟಿಗೆಯೊಳಗೇ ತಿರುಗುತ್ತದೆ, ಮುಖ್ಯ ರೂಟರ್‌ನವರೆಗೆ ಹೋಗುವುದಿಲ್ಲ. ಆದ್ದರಿಂದ ಪರಸ್ಪರ ಹೆಚ್ಚು ಕಡತ ಕಳಿಸಿಕೊಳ್ಳುವ ಸಾಧನಗಳನ್ನು ಒಂದೇ ಪೆಟ್ಟಿಗೆಗೆ ಸೇರಿಸಬೇಕು.

ಅಡಾಪ್ಟರ್ ವಿಷಯದಲ್ಲಿ ಉದಾಸೀನ ಸಲ್ಲದು. ರೂಟರ್‌ಗಳು 5, 9 ಅಥವಾ 12 ವೋಲ್ಟ್‌ನವು ಇರುತ್ತವೆ, ಪಿನ್ನು ಮಾತ್ರ ಎಲ್ಲದಕ್ಕೂ ಕೂಡುವಂತೆ ಕಾಣುತ್ತದೆ. 9 ವೋಲ್ಟಿನ ರೂಟರ್‌ಗೆ 12 ವೋಲ್ಟಿನ ಅಡಾಪ್ಟರ್ ಹಾಕಿ ಸುಟ್ಟ ಮೇಲೆ ಮಾಡುವಂಥದ್ದೇನೂ ಉಳಿಯುವುದಿಲ್ಲ. ಪೆಟ್ಟಿಗೆಯ ತಳದ ಚೀಟಿಯಲ್ಲಿ ಬರೆದ ವೋಲ್ಟ್ ಅಡಾಪ್ಟರ್‌ನದಕ್ಕೆ ಸಮನಾಗಿರಬೇಕು. ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. ಇನ್ನು ವಿದ್ಯುತ್ತಿನ ಲೆಕ್ಕ: 5 ವ್ಯಾಟ್ ಎಳೆಯುವ ಪೆಟ್ಟಿಗೆ ವರ್ಷವಿಡೀ ಉರಿದರೆ ಸುಮಾರು 44 ಯೂನಿಟ್ ಆಗುತ್ತದೆ. ವೈಫೈ ಆಫ್ ಮಾಡಿದರೆ ಖರ್ಚು ಇನ್ನಷ್ಟು ಕಡಿಮೆಯಾಗುತ್ತದೆ.

ಹೊಂದಿಸುವ ಕ್ರಮ

ಮೊದಲು ಮುಖ್ಯ ರೂಟರ್‌ನ ವಿಳಾಸವನ್ನು ತಿಳಿದುಕೊಳ್ಳಬೇಕು. ಅದಕ್ಕೆ ಸೇರಿದ ವಿಂಡೋಸ್ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಆಜ್ಞೆ ಕೊಟ್ಟರೆ, ಡಿಫಾಲ್ಟ್ ಗೇಟ್‌ವೇ ಎಂಬುದರ ಎದುರು ಕಾಣುವ ಸಂಖ್ಯೆಯೇ ಅದು. ಆಂಡ್ರಾಯ್ಡ್ ಮೊಬೈಲ್‌ನಲ್ಲಾದರೆ ವೈಫೈ ಹೆಸರಿನ ವಿವರಗಳಲ್ಲಿ ಗೇಟ್‌ವೇ ಎಂದು ಕಾಣುತ್ತದೆ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಇರುತ್ತದೆ, ಜಿಯೋ ಫೈಬರ್‌ನಲ್ಲಿ 192.168.29.1 ಇರುತ್ತದೆ. ಈ ವಿಳಾಸದ ಮೊದಲ ಮೂರು ಭಾಗಗಳು ಹಳೆಯ ರೂಟರ್‌ನಲ್ಲಿಯೂ ಅವೇ ಇರಬೇಕು, ಕೊನೆಯ ಭಾಗ ಮಾತ್ರ ಬೇರೆಯಾಗಿರಬೇಕು. ಮುಖ್ಯ ರೂಟರ್‌ನ ಪುಟದಲ್ಲಿ ಡಿಎಚ್‌ಸಿಪಿಯ ವ್ಯಾಪ್ತಿ ಎಷ್ಟರಿಂದ ಎಷ್ಟರವರೆಗೆ ಎಂದು ನೋಡಿಕೊಂಡು, ಆ ವ್ಯಾಪ್ತಿಯ ಹೊರಗಿನ ಒಂದು ಸಂಖ್ಯೆಯನ್ನು ಆರಿಸಬೇಕು. ಉದಾಹರಣೆಗೆ, ಮುಖ್ಯ ರೂಟರ್‌ನ ವಿಳಾಸ 192.168.1.1 ಆಗಿದ್ದು ವ್ಯಾಪ್ತಿ 100ರಿಂದ 200ರವರೆಗೆ ಇದ್ದರೆ 192.168.1.2 ಸುರಕ್ಷಿತ. ವ್ಯಾಪ್ತಿ 2ರಿಂದಲೇ ಆರಂಭವಾಗಿದ್ದರೆ ಅದರ ಆರಂಭವನ್ನು 10ಕ್ಕೆ ಸರಿಸಿ, ಕೆಳಗಿನ ಸಂಖ್ಯೆಗಳನ್ನು ಇಂಥ ಬಳಕೆಗೆ ಬಿಟ್ಟುಕೊಳ್ಳಬಹುದು. ಮುಖ್ಯ ರೂಟರ್‌ನ ಬೇರೆ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ. ಅದು ಕಂಪನಿಯ ಸ್ವತ್ತಾಗಿರುವುದರಿಂದ ಮುಟ್ಟದಿರುವುದೇ ಲೇಸು.

ಮುಂದಿನ ಕೆಲಸವನ್ನು ಹಳೆಯ ರೂಟರ್ ಅನ್ನು ಮನೆಯ ನೆಟ್‌ವರ್ಕ್‌ಗೆ ಸೇರಿಸದೆ, ಪ್ರತ್ಯೇಕವಾಗಿಟ್ಟುಕೊಂಡು ಮಾಡಬೇಕು. ವಿದ್ಯುತ್ ಕೊಟ್ಟು, ದೀಪಗಳು ನೆಲೆಯಾದ ಮೇಲೆ, ಹಿಂಬದಿಯ ರೀಸೆಟ್ ರಂಧ್ರದಲ್ಲಿ ಸೂಜಿಯನ್ನೋ ಪಿನ್ನನ್ನೋ ಇಟ್ಟು ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿದರೆ, ದೀಪಗಳೆಲ್ಲ ಒಮ್ಮೆ ಆರಿ ಹತ್ತಿ, ಪೆಟ್ಟಿಗೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಹಳೆಯ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲವಾದ್ದರಿಂದ ಈ ಹೆಜ್ಜೆ ಬಿಡುವಂಥದ್ದಲ್ಲ. ಬಳಿಕ ಕಂಪ್ಯೂಟರ್‌ನ ವೈಫೈ ಆಫ್ ಮಾಡಿ, ಕೇಬಲ್‌ನ ಒಂದು ತುದಿಯನ್ನು ಕಂಪ್ಯೂಟರ್‌ಗೂ ಇನ್ನೊಂದನ್ನು ಹಳೆಯ ರೂಟರ್‌ನ ಲ್ಯಾನ್ ಪೋರ್ಟ್‌ಗೂ ಹಾಕಿ, ತಳದ ಚೀಟಿಯಲ್ಲಿ ಬರೆದ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಬೇಕು. ಬಳಕೆದಾರ ಹೆಸರು, ಪಾಸ್‌ವರ್ಡ್ ಎರಡೂ ಅಡ್ಮಿನ್ (admin) ಎಂದಿರುವ ರೂಟರ್‌ಗಳು ಹೆಚ್ಚು.

ಕೇಬಲ್ ಹಾಕುವ ಕಿಂಡಿಯೇ ಇಲ್ಲದ ಲ್ಯಾಪ್‌ಟಾಪ್‌ನವರು ಮೊಬೈಲ್‌ನಿಂದಲೂ ಇದನ್ನು ಮಾಡಬಹುದು. ಹಳೆಯ ರೂಟರ್‌ನ ವೈಫೈಗೆ ಸೇರಿಕೊಂಡು, ಮೊಬೈಲ್ ಡೇಟಾವನ್ನು ತಪ್ಪದೆ ಆಫ್ ಮಾಡಬೇಕು. ಇಲ್ಲವಾದರೆ ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲವೆಂದು ತಿಳಿದ ಮೊಬೈಲ್ ತಾನಾಗಿ ಡೇಟಾಕ್ಕೆ ಹೊರಳುತ್ತದೆ, ರೂಟರ್‌ನ ಪುಟ ತೆರೆಯುವುದೇ ಇಲ್ಲ.

ಪುಟ ತೆರೆದ ಮೇಲೆ ಅದರಲ್ಲಿ ಆಪರೇಷನ್ ಮೋಡ್ ಎಂಬ ಆಯ್ಕೆ ಇದೆಯೇ ಎಂದು ಮೊದಲು ಹುಡುಕಬೇಕು. ಅಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ಬಗೆ ಇದ್ದರೆ ಅರ್ಧ ಕೆಲಸ ಮುಗಿದಂತೆಯೇ: ಅದನ್ನು ಆರಿಸಿದರೆ ಬಹುತೇಕ ರೂಟರ್‌ಗಳು ವಿಳಾಸ ಹಂಚುವುದನ್ನು ತಾವೇ ನಿಲ್ಲಿಸಿ, ಹೊರಗಿನ ಇಂಟರ್ನೆಟ್ ಕೇಬಲ್‌ಗೆ ಮೀಸಲಾದ ವ್ಯಾನ್ ಪೋರ್ಟನ್ನೂ ಉಳಿದ ಪೋರ್ಟ್‌ಗಳ ಸಾಲಿಗೆ ಸೇರಿಸುತ್ತವೆ, ಒಂದು ಪೋರ್ಟ್ ಹೆಚ್ಚಿಗೆ ಸಿಗುತ್ತದೆ. ಡಿಎಚ್‌ಸಿಪಿ ನಿಜವಾಗಿ ನಿಂತಿದೆಯೇ ಎಂಬುದನ್ನು ಮಾತ್ರ ಕಣ್ಣಾರೆ ನೋಡಿಕೊಳ್ಳಬೇಕು.

ಆ ಆಯ್ಕೆ ಇಲ್ಲದಿದ್ದರೆ ಕೈಯಿಂದ ಮಾಡಬೇಕು, ಮತ್ತು ಇಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದು ಮುಖ್ಯ. ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಬೇಕು. ನಂತರ ನೆಟ್‌ವರ್ಕ್ ವಿಭಾಗದಲ್ಲಿ ಲ್ಯಾನ್ ಎಂಬಲ್ಲಿಗೆ ಹೋಗಿ, ಐಪಿ ವಿಳಾಸದ ಜಾಗದಲ್ಲಿ ನಾವು ಆರಿಸಿದ 192.168.1.2 ಬರೆದು, ಸಬ್‌ನೆಟ್ ಮಾಸ್ಕ್ 255.255.255.0 ಎಂದೇ ಬಿಟ್ಟು, ಸೇವ್ ಮಾಡಬೇಕು. ಆ ಕೂಡಲೇ ಪುಟ ನಿಂತುಹೋಗುತ್ತದೆ. ಇದು ದೋಷವಲ್ಲ, ರೂಟರ್ ಹೊಸ ವಿಳಾಸಕ್ಕೆ ಸರಿದಿದೆ, ಬ್ರೌಸರ್ ಇನ್ನೂ ಹಳೆಯ ವಿಳಾಸದಲ್ಲಿಯೇ ಕಾಯುತ್ತಿದೆ. ಕೇಬಲ್ಲನ್ನು ಒಮ್ಮೆ ಕಿತ್ತು ಹಾಕಿ, ಹೊಸ ವಿಳಾಸವನ್ನು ತೆರೆದು ಮತ್ತೆ ಒಳಹೊಕ್ಕು, ಈಗ ಡಿಎಚ್‌ಸಿಪಿ ಸರ್ವರ್ ಅನ್ನು ಡಿಸೇಬಲ್ ಮಾಡಿ ಸೇವ್ ಮಾಡಬೇಕು. ವಿಳಾಸ ಬದಲಿಸುವ ಮೊದಲೇ ಡಿಎಚ್‌ಸಿಪಿ ನಿಲ್ಲಿಸಿದರೆ, ಮರಳಿ ಒಳಹೋಗಲು ಕಂಪ್ಯೂಟರ್‌ಗೆ ವಿಳಾಸ ಕೊಡುವವರೇ ಇರುವುದಿಲ್ಲ. ಹಾಗೆ ಆಗಿಹೋದರೂ ಗಾಬರಿ ಬೇಡ: ಕಂಪ್ಯೂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ರೂಟರ್‌ನದೇ ಸಾಲಿನ, ಉದಾಹರಣೆಗೆ 192.168.1.50 ಎಂಬ ವಿಳಾಸವನ್ನು ಕೈಯಿಂದ ಬರೆದರೆ ಪುಟ ತೆರೆಯುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಅಳಿಸಿ, ತಾನಾಗಿ ವಿಳಾಸ ಪಡೆಯುವಂತೆ ಮರಳಿ ಬಿಡಬೇಕು.

ಕೊನೆಯಲ್ಲಿ ವೈಫೈ. ಹಳೆಯ ರೂಟರ್‌ಗಳಿಗೆ ಕಂಪನಿಗಳಿಂದ ಭದ್ರತೆಯ ತಿದ್ದುಪಡಿಗಳು ಬರುವುದು ನಿಂತಿರುತ್ತದೆಯಾದ್ದರಿಂದ, ಸ್ವಿಚ್ ಮಾತ್ರ ಬೇಕೆನ್ನುವವರು ವೈಫೈಯನ್ನು ಪೂರ್ತಿ ಆಫ್ ಮಾಡುವುದೇ ಸರಿ. ದಪ್ಪ ಗೋಡೆಯಾಚೆಯ ಕೋಣೆಗೆ ವೈಫೈಯೂ ಬೇಕೆಂದರೆ ಉಳಿಸಿಕೊಳ್ಳಬಹುದು, ಆದರೆ ಡಬ್ಲ್ಯುಪಿಎ2 ಭದ್ರತೆ ಅದರಲ್ಲಿ ಇರಲೇಬೇಕು, ಮತ್ತು ಚಾನೆಲ್ 1, 6, 11 ಇವುಗಳಲ್ಲಿ ಮುಖ್ಯ ರೂಟರ್ ಬಳಸದಿರುವುದನ್ನು ಆರಿಸಬೇಕು. ಮೊಬೈಲ್‌ನಿಂದ ಹೊಂದಿಸುತ್ತಿರುವವರು ವೈಫೈ ಆಫ್ ಮಾಡುವುದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಒಂದು ತುಂಡು ಪಟ್ಟಿಯ ಮೇಲೆ ಹೊಸ ವಿಳಾಸ ಮತ್ತು ಸ್ವಿಚ್ ಎಂಬ ಪದವನ್ನು ಬರೆದು ಪೆಟ್ಟಿಗೆಗೆ ಅಂಟಿಸಿ. ಎರಡು ವರ್ಷದ ಬಳಿಕ ಇದನ್ನು ನೋಡಿದವರು ರೂಟರ್ ಎಂದೇ ತಿಳಿದು ರೀಸೆಟ್ ಒತ್ತುವ ಸಂಭವ ಬಹಳ.

ಜೋಡಿಸುವುದು

ಮುಖ್ಯ ರೂಟರ್‌ನ ಲ್ಯಾನ್ ಪೋರ್ಟ್‌ನಿಂದ ಹಳೆಯ ರೂಟರ್‌ನ ಲ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಬೇಕು. ಆಕ್ಸೆಸ್ ಪಾಯಿಂಟ್ ಬಗೆ ಇಲ್ಲದೆ ಕೈಯಿಂದ ಹೊಂದಿಸಿದ್ದರೆ, ಬೇರೆ ಬಣ್ಣದ, ತುಸು ದೂರವಿರುವ ವ್ಯಾನ್ ಪೋರ್ಟ್ ಖಾಲಿಯೇ ಇರಬೇಕು. ಅದಕ್ಕೆ ಹಾಕಿದರೆ ಹಳೆಯ ಪೆಟ್ಟಿಗೆ ಮತ್ತೆ ರೂಟರ್ ಆಗಲು ಹೊರಟು, ಮನೆಯೊಳಗೆ ಇನ್ನೊಂದು ಮನೆ ಕಟ್ಟಿದಂತೆ ಎರಡನೆಯ ನೆಟ್‌ವರ್ಕ್ ಹುಟ್ಟುತ್ತದೆ. ಪಡಸಾಲೆಯ ಮೊಬೈಲ್‌ಗೆ ಒಳಕೋಣೆಯ ಪ್ರಿಂಟರ್ ಕಾಣುವುದಿಲ್ಲ. ಎರಡು ಪೆಟ್ಟಿಗೆಗಳ ನಡುವೆ ಒಂದೇ ಕೇಬಲ್ ಇರಬೇಕು. ವೇಗ ಹೆಚ್ಚಲೆಂದು ಎರಡನೆಯದನ್ನು ಹಾಕಿದರೆ ವೇಗ ಹೆಚ್ಚುವುದಿಲ್ಲ, ಬದಲಿಗೆ ದತ್ತಾಂಶ ಆ ಸುತ್ತಿನಲ್ಲಿಯೇ ಗಿರಕಿ ಹೊಡೆಯುತ್ತ ಬೆಳೆದು, ಕ್ಷಣಗಳಲ್ಲಿ ಇಡೀ ನೆಟ್‌ವರ್ಕ್ ನಿಲ್ಲುತ್ತದೆ. ನಾಲ್ಕು ಪೋರ್ಟ್‌ಗಳಲ್ಲಿ ಒಂದು ಹೀಗೆ ಮುಖ್ಯ ರೂಟರ್‌ಗೆ ಹೋದ ಮೇಲೆ ಉಳಿಯುವುದು ಮೂರು.

ಕೆಲವು ಸಾಧನಗಳನ್ನು ಇದಕ್ಕೆ ಸೇರಿಸಬಾರದು. ಫೈಬರ್ ಕಂಪನಿಯೇ ಕೊಟ್ಟ ಟಿ.ವಿ. ಸೆಟ್‌ಟಾಪ್ ಪೆಟ್ಟಿಗೆಗೆ ಮುಖ್ಯ ರೂಟರ್‌ನಲ್ಲಿ ಒಂದು ಗೊತ್ತಾದ ಪೋರ್ಟನ್ನೇ ಮೀಸಲಿಟ್ಟಿದ್ದರೆ ಅದನ್ನು ಅಲ್ಲಿಯೇ ಬಿಡಬೇಕು. ಕೇಬಲ್‌ನಿಂದಲೇ ವಿದ್ಯುತ್ ಪಡೆಯುವ ಪಿಒಇ ಕ್ಯಾಮೆರಾಗಳಿಗೆ ಹಳೆಯ ರೂಟರ್ ವಿದ್ಯುತ್ ಕೊಡಲಾರದು, ಅವಕ್ಕೆ ಪಿಒಇ ಸ್ವಿಚ್ಚೇ ಬೇಕು. ಹಳೆಯ ಮಾದರಿಯ ಕ್ಯಾಮೆರಾಗಳ ಡಿವಿಆರ್‌ಗಾದರೆ ಒಂದು ಪೋರ್ಟ್ ಸಾಕು.

ಕೇಬಲ್ ಕ್ಯಾಟ್ 5ಇ ಅಥವಾ ಕ್ಯಾಟ್ 6 ಇರಲಿ. ನೂರು ಮೀಟರ್‌ವರೆಗೆ ಅದು ನಡೆಯುತ್ತದೆ, ಯಾವ ಮನೆಗೂ ಅಷ್ಟು ಬೇಕಾಗುವುದಿಲ್ಲ. ಅಗ್ಗವೆಂದು ಮಾರುವ ಕೇಬಲ್‌ಗಳಲ್ಲಿ ತಾಮ್ರ ಬಳಿದ ಅಲ್ಯೂಮಿನಿಯಂ ತಂತಿ ಇರುವುದುಂಟು. ಅದು ಬಾಗಿದಲ್ಲಿ ಬೇಗ ಮುರಿಯುತ್ತದೆ, ದೂರಕ್ಕೆ ದುರ್ಬಲ. ಶುದ್ಧ ತಾಮ್ರದ್ದೇ ಎಂದು ಕೇಳಿ ತರಬೇಕು. ಹಳೆಯ ಮನೆಗಳಲ್ಲಿ ಇಲಿಗಳ ಕಾಟವಿರುವುದರಿಂದ ಪಿವಿಸಿ ಪಟ್ಟಿಯೊಳಗೆ ಎಳೆಯುವುದು ಒಳ್ಳೆಯದು, ಮತ್ತು ವಿದ್ಯುತ್ ತಂತಿಯ ಜೊತೆಗೆ ಅದೇ ಪಟ್ಟಿಯಲ್ಲಿ ತುರುಕಬಾರದು. ತುದಿಗೆ ಆರ್‌ಜೆ-45 ಕನೆಕ್ಟರ್ ಅನ್ನು ತಾವೇ ಕೂಡಿಸುವವರು ಎರಡೂ ಕಡೆ ಒಂದೇ ಬಣ್ಣಕ್ರಮ ಹಿಡಿಯಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. 100 ಮೆಗಾಬಿಟ್‌ಗೆ ಇದರಲ್ಲಿ ನಾಲ್ಕೇ ತಂತಿಗಳು ಕೆಲಸ ಮಾಡುತ್ತವೆ, ಗಿಗಾಬಿಟ್‌ಗೆ ಎಂಟೂ ಬೇಕು. ಗಿಗಾಬಿಟ್ ಪೆಟ್ಟಿಗೆಗಳಿದ್ದೂ ವೇಗ 100ಕ್ಕೇ ನಿಂತಿದ್ದರೆ ಒಂದು ತಂತಿ ಕೂಡಿಲ್ಲವೆಂದು ಅನುಮಾನಿಸಬಹುದು.

ಪರೀಕ್ಷೆ ಮತ್ತು ದೋಷಗಳು

ಹಳೆಯ ರೂಟರ್‌ಗೆ ಕಂಪ್ಯೂಟರ್ ಸೇರಿಸಿ ಮತ್ತೆ ಐಪಿಕಾನ್ಫಿಗ್ ನೋಡಿದಾಗ, ಗೇಟ್‌ವೇ ಎಂಬಲ್ಲಿ ಮುಖ್ಯ ರೂಟರ್‌ನ ವಿಳಾಸವೇ ಕಾಣಬೇಕು. ಅಲ್ಲಿ 192.168.1.2 ಕಂಡರೆ ಡಿಎಚ್‌ಸಿಪಿ ನಿಂತಿಲ್ಲ, ಸೇವ್ ಆಗದೆ ಉಳಿದಿದೆ ಎಂದರ್ಥ. 169.254 ಎಂದು ಶುರುವಾಗುವ ವಿಳಾಸ ಕಂಡರೆ ಕಂಪ್ಯೂಟರ್‌ಗೆ ಯಾರಿಂದಲೂ ಉತ್ತರ ಬಂದಿಲ್ಲ, ಅಂದರೆ ಎರಡು ಪೆಟ್ಟಿಗೆಗಳ ನಡುವಿನ ಕೇಬಲ್ ಕೆಟ್ಟಿದೆ, ಇಲ್ಲವೇ ವ್ಯಾನ್ ಪೋರ್ಟ್‌ನಲ್ಲಿದೆ. ವಿಳಾಸ ಸರಿಯಿದ್ದೂ ಸಂಪರ್ಕ ಆಗಾಗ ಕಡಿಯುತ್ತಿದ್ದರೆ, ಹಳೆಯ ರೂಟರ್‌ಗೆ ಕೊಟ್ಟ ವಿಳಾಸವನ್ನೇ ಮನೆಯ ಬೇರೊಂದು ಸಾಧನ ಪಡೆದಿದೆಯೇ ಎಂದು ಮುಖ್ಯ ರೂಟರ್‌ನ ಪಟ್ಟಿಯಲ್ಲಿ ನೋಡಬೇಕು.

ಕರೆಂಟು ಹೋದಾಗ ಮುಖ್ಯ ರೂಟರ್‌ಗೆ ಯುಪಿಎಸ್ ಇದ್ದು ಈ ಪೆಟ್ಟಿಗೆಗೆ ಇಲ್ಲದಿದ್ದರೆ ವೈಫೈ ನಡೆದು ಕೇಬಲ್‌ನ ಸಾಧನಗಳು ಮಾತ್ರ ನಿಲ್ಲುತ್ತವೆ; ಇದನ್ನು ದೋಷವೆಂದು ಹುಡುಕುತ್ತ ಕೂಡಬೇಕಾಗಿಲ್ಲ. ಗುಡುಗು-ಸಿಡಿಲಿನ ವಿಷಯ ಮಾತ್ರ ಗಂಭೀರವಾದದ್ದು. ನಮ್ಮ ಭಾಗದಲ್ಲಿ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಸಿಡಿಲಿನೊಂದಿಗೇ ಬರುತ್ತದೆ, ಮತ್ತು ಹತ್ತಿರದಲ್ಲಿ ಸಿಡಿಲು ಬಿದ್ದರೆ ಹೊರಗೆ ಎಳೆದ ತಾಮ್ರದ ಕೇಬಲ್‌ನಲ್ಲಿ ಹುಟ್ಟುವ ವಿದ್ಯುತ್ತು ಎರಡೂ ತುದಿಯ ಪೋರ್ಟ್‌ಗಳನ್ನು ಸುಡಬಲ್ಲದು. ಮಾಳಿಗೆಯ ಮೇಲಿನಿಂದಲೋ ಅಂಗಳ ದಾಟಿಯೋ ಪಕ್ಕದ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಬಾರದು. ಎಳೆದಿದ್ದರೆ ಮೋಡ ಕವಿದಾಗ ಎರಡೂ ತುದಿಗಳನ್ನು ಕಿತ್ತಿಡಬೇಕು. ಇಂಥ ಮಳೆಯ ಮರುದಿನ ಪೆಟ್ಟಿಗೆಯ ಒಂದು ದೀಪ ಹತ್ತದಿದ್ದರೆ, ಅದನ್ನು ಎಸೆಯುವ ಮೊದಲು ಅದೇ ಕೇಬಲ್ಲನ್ನು ಪಕ್ಕದ ಪೋರ್ಟ್‌ಗೆ ಹಾಕಿ ನೋಡಿ. ಒಂದೇ ಪೋರ್ಟ್ ಸುಟ್ಟು ಉಳಿದ ಮೂರು ನಡೆಯುವುದು ಅಪರೂಪವಲ್ಲ. ಆಗ ಸುಟ್ಟದ್ದರ ಬಾಯಿಗೆ ಒಂದು ತುಂಡು ಟೇಪು ಅಂಟಿಸಿ, ಎರಡು ಸಾಧನಗಳಿಗೆ ಪೆಟ್ಟಿಗೆಯನ್ನು ಮುಂದುವರಿಸಬಹುದು.